ಪೆಟ್ಟಿಗೆಯೊಳಗಿನ ಹದ

೧

ಬಳಸಿದ ವಸ್ತು ಸವೆಯುತ್ತದೆ, ಎತ್ತಿಟ್ಟ ವಸ್ತು ಉಳಿಯುತ್ತದೆ ಎಂದು ಗೃಹಸ್ಥರಾದ ನಾವೆಲ್ಲರೂ ನಂಬಿರುತ್ತೇವೆ. ಪೆಟ್ಟಿಗೆಗೆ ಹಾಕಿ ಬೀಗ ತಿರುವಿದರೆ ಆ ವಸ್ತುವಿನ ಚಿಂತೆ ತೀರಿತೆಂದೇ ನಮ್ಮ ಎಣಿಕೆ. ನಾನೂ ಹಾಗೆಯೇ ಎಣಿಸಿದ್ದೆ. ಆ ಎಣಿಕೆ ಎಷ್ಟು ತಪ್ಪೆಂಬುದನ್ನು ಕಲಿಯುವುದಕ್ಕಾಗಿ ನಾನು ಕೊಳ್ಳೇಗಾಲ, ಹನೂರು, ಯಳಂದೂರುಗಳನ್ನು ಸುತ್ತಬೇಕಾಯಿತು.

ನನ್ನ ತಾಯಿಯ ಮದುವೆಯಾದದ್ದು ೧೯೫೮ರಲ್ಲಿ. ಧಾರೆಗೆಂದು ನಮ್ಮ ತಾತ ಕೊಳ್ಳೇಗಾಲಕ್ಕೆ ತಾವೇ ಹೋಗಿ ಒಂದು ಜರಿಯ ಸೀರೆಯನ್ನು ತಂದಿದ್ದರಂತೆ. ಅರಿಸಿನದ ಒಡಲು, ಕುಂಕುಮದ ಅಂಚು, ಸೆರಗಿನ ತುಂಬ ಬೆಳ್ಳಿಯ ಜರಿ. ತಾಯಿ ಅದನ್ನು ನಲವತ್ತೆಂಟು ವರ್ಷ ಇಟ್ಟುಕೊಂಡಿದ್ದಳು. ಹಬ್ಬಹುಣ್ಣಿಮೆಗಳಲ್ಲಿ ಉಡುವಳು, ಮಡಿಸಿ ಇಡುವಳು. ನವರಾತ್ರಿ ಕಳೆದು ಮಳೆ ಹಿಂದಾದ ಮೇಲೆ ಒಂದು ದಿನ ಅದನ್ನು ನಡುಮನೆಯ ಗಳುವಿನ ಮೇಲೆ ಹರವಿ, ಸಂಜೆಗೆ ಹಿಂದಿನ ಮಡಿಕೆಗಳನ್ನು ತಪ್ಪಿಸಿ ಬೇರೆ ಮಡಿಕೆ ಮಾಡಿ, ತಂದೆಯ ಹಳೆಯ ಪಂಚೆಯಲ್ಲಿ ಸುತ್ತಿ, ಒಂದು ತುಂಡು ಬಜೆಯೊಡನೆ ಮರದ ಪೆಟ್ಟಿಗೆಗೆ ಹಾಕುವಳು. ಇದೊಂದು ಹೆಂಗಸರ ಶಾಸ್ತ್ರವೆಂದು ನಾನು ಭಾವಿಸಿದ್ದೆ.

ತಾಯಿ ತೀರಿಕೊಂಡ ಮೇಲೆ ಆ ಸೀರೆ ನನ್ನ ಪಾಲಿಗೆ ಬಂದಿತು. ಆಗ ನನಗೆ ತೀರ್ಥಹಳ್ಳಿಯಲ್ಲಿ ಉಪಾಧ್ಯಾಯ ವೃತ್ತಿ. ಮರದ ಪೆಟ್ಟಿಗೆ ಭಾರವೆಂದು ಅದನ್ನು ಮಾರಿದೆ. ಸೀರೆಯನ್ನು ಅಚ್ಚುಕಟ್ಟಾಗಿ ಇಸ್ತ್ರಿ ಮಾಡಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು, ನುಸಿಗುಳಿಗೆಗಳನ್ನು ಧಾರಾಳವಾಗಿ ಸುರಿದು, ಕಬ್ಬಿಣದ ಟ್ರಂಕಿನಲ್ಲಿಟ್ಟು ಬೀಗ ಹಾಕಿದೆ. ತಾಯಿಯ ಸೀರೆಯೆಂಬ ಗೌರವದಿಂದಲೇ ಹದಿನೆಂಟು ವರ್ಷ ಅದನ್ನು ಮುಟ್ಟಲಿಲ್ಲ.

ಮಗಳ ಮದುವೆ ಮಾಘಮಾಸದಲ್ಲಿ ನಿಶ್ಚಯವಾಯಿತು. ಅಜ್ಜಿಯ ಸೀರೆಯನ್ನೇ ಉಟ್ಟು ಧಾರೆಗೆ ಕುಳಿತುಕೊಳ್ಳುವೆನೆಂದು ಅವಳಿಗೆ ಆಸೆ. ಬೀಗ ತೆಗೆದು, ಚೀಲವನ್ನು ಬಿಚ್ಚಿ, ಸೀರೆಯ ಒಂದು ತುದಿಯನ್ನು ಅವಳು ಹಿಡಿದಳು, ಇನ್ನೊಂದನ್ನು ನನ್ನ ಮನೆಯವರು ಹಿಡಿದರು. ಬಿಡಿಸುವಷ್ಟರಲ್ಲಿ ಅದು ಮಡಿಕೆಮಡಿಕೆಗೂ ಕೂದಲೆಳೆಯಂತೆ ಸೀಳಿಹೋಯಿತು. ಜರಿ ಕಪ್ಪಿಟ್ಟಿದ್ದಿತು. ಒಡಲಿನ ಮೇಲೆ ಬೂಷ್ಟಿನ ಕಲೆಗಳು. ಮಗಳು ಏನನ್ನೂ ಹೇಳಲಿಲ್ಲ. ಅವಳು ಏನಾದರೂ ಹೇಳಿದ್ದರೆ ನನಗೆ ಅಷ್ಟು ವ್ಯಥೆಯಾಗುತ್ತಿರಲಿಲ್ಲ.

“ನೇಯ್ದ ಊರಿಗೇ ತೆಗೆದುಕೊಂಡು ಹೋಗಿ ಕೇಳೋಣ ಬನ್ನಿ” ಎಂದು ನನ್ನ ಮನೆಯವರು ಹೇಳಿದರು. ಮಾರ್ಗಶಿರದ ಒಂದು ಬೆಳಿಗ್ಗೆ ನಾವಿಬ್ಬರೂ ಮೈಸೂರಿನಲ್ಲಿ ಬಸ್ಸು ಹತ್ತಿದೆವು.

೨

ಕೊಳ್ಳೇಗಾಲಕ್ಕೆ ರೈಲುದಾರಿ ಇಲ್ಲ. ಮೈಸೂರಿನಿಂದ ಹೋಗುವವರು ಕಾವೇರಿ ಕಪಿಲೆಗಳು ಕೂಡುವ ತಿರುಮಕೂಡಲು ನರಸೀಪುರದ ಮೇಲೆ ಬಸ್ಸಿನಲ್ಲಿ ಹೋಗುತ್ತಾರೆ. ಭತ್ತದ ಕೊಯ್ಲು ಸಾಗಿದ್ದ ಕಾಲ. ನಮ್ಮ ಪಕ್ಕದ ಆಸನದಲ್ಲಿ ಹಡಗುಗಳಲ್ಲಿ ಬಹುಕಾಲ ಕೆಲಸ ಮಾಡಿ ನಿವೃತ್ತರಾದ ಒಬ್ಬ ಹಿರಿಯರು ಕುಳಿತಿದ್ದರು. ನಮ್ಮ ಗಂಟಿನ ಕಥೆಯನ್ನು ಕೇಳಿ, ಅವರು ತಮ್ಮ ಕೈಚೀಲದಿಂದ ಒಂದು ಸಣ್ಣ ದುಂಡು ಗಡಿಯಾರದಂಥ ಉಪಕರಣವನ್ನು ಹೊರತೆಗೆದರು. ಅದು ಹವೆಯ ಪಸೆಯನ್ನು ಅಳೆಯುವ ಮಾಪಕ.

“ಇದು ನನಗೆ ಚುಟ್ಟದ ಪೆಟ್ಟಿಗೆಯಿಂದ ಬಂದದ್ದು” ಎಂದರು ಅವರು. “ಚುಟ್ಟ ಸೇದುವುದನ್ನು ವೈದ್ಯರ ಮಾತಿನಂತೆ ಬಿಟ್ಟೆ. ಅದನ್ನು ಇಡುವ ಕ್ರಮದಿಂದ ಕಲಿತದ್ದನ್ನು ಮಾತ್ರ ಬಿಟ್ಟಿಲ್ಲ.”

ಪರದೇಶಗಳಲ್ಲಿ ಒಳ್ಳೆಯ ಚುಟ್ಟಗಳನ್ನು ದೇವದಾರುವಿನಂತೆ ಪರಿಮಳವುಳ್ಳ ಒಂದು ಮರದ ಪೆಟ್ಟಿಗೆಯಲ್ಲಿ ವರ್ಷಗಟ್ಟಲೆ ಇಟ್ಟು ಹಳತು ಮಾಡುತ್ತಾರಂತೆ. ಹೊಸ ಹೊಗೆಸೊಪ್ಪಿನಲ್ಲಿರುವ ನವಸಾಗರದ ಘಾಟು ಮೆಲ್ಲಮೆಲ್ಲನೆ ಹೊರಟುಹೋಗಿ ರುಚಿ ಮೆದುವಾಗುತ್ತದೆ. ಇದಕ್ಕೆ ಪೆಟ್ಟಿಗೆಯೊಳಗಿನ ಹವೆಯ ಪಸೆ ನೂರಕ್ಕೆ ೬೫ರಿಂದ ೭೦ರಷ್ಟಿರಬೇಕು. ಬಹಳ ಇಳಿದರೆ ಎಲೆಯ ಎಣ್ಣೆ ಆರಿ ಚುಟ್ಟ ಬಿರಿಯುತ್ತದೆ. ಬಹಳ ಏರಿದರೆ ಬೂಷ್ಟು ಹಿಡಿಯುತ್ತದೆ. ಶಾಖವೂ ಕೂಡಿದರೆ ಎಲೆಯಲ್ಲಿ ಅಡಗಿದ್ದ ಹೊಗೆಸೊಪ್ಪಿನ ಹುಳುವಿನ ಮೊಟ್ಟೆಗಳು ಒಡೆದು ಪೆಟ್ಟಿಗೆಯೆಲ್ಲ ತೂತಾಗುತ್ತದೆ. ನಮ್ಮ ಮನೆಗಳಲ್ಲಿ ಅರಿಸಿನದ ಕೊಂಬು, ಕೊತ್ತಂಬರಿ ಬೀಜಗಳನ್ನು ಕೊರೆಯುವುದೂ ಅದೇ ಹುಳುವೇ.

ನೂರಕ್ಕೆ ಇಷ್ಟು ಎಂದರೇನೆಂದು ನನ್ನ ಮನೆಯವರು ಕೇಳಿದರು. ಹಿರಿಯರು ಬಿಡಿಸಿ ಹೇಳಿದರು: ಗಾಳಿ ತನ್ನ ಆ ಹೊತ್ತಿನ ಬಿಸಿಗೆ ತಕ್ಕಷ್ಟು ನೀರಾವಿಯನ್ನು ಮಾತ್ರ ಹೊರಬಲ್ಲದು. ಆ ಪೂರ್ತಿ ಹೊರೆಯನ್ನು ನೂರು ಎಂದಿಟ್ಟುಕೊಂಡರೆ, ಅದರಲ್ಲಿ ಈಗ ಎಷ್ಟಿದೆಯೆಂಬುದೇ ಈ ಲೆಕ್ಕ. ಬಿಸಿಗಾಳಿ ಹೆಚ್ಚು ಹೊರುತ್ತದೆ, ತಣ್ಣನೆಯ ಗಾಳಿ ಕಡಿಮೆ. “ಆದುದರಿಂದಲೇ ಮಲೆನಾಡಿನ ಮಳೆಗಾಲದಲ್ಲಿ ಮುಚ್ಚಿದ ಕಬ್ಬಿಣದ ಟ್ರಂಕು ರಾತ್ರಿ ತಣ್ಣಗಾದಾಗ ಒಳಗೊಳಗೇ ಬೆವರುತ್ತದೆ. ಮರವಾದರೆ ಆ ನೀರನ್ನು ಸ್ವಲ್ಪ ಹೀರಿ, ಒಣಹವೆಯಲ್ಲಿ ಮತ್ತೆ ಬಿಡುತ್ತದೆ. ಕಬ್ಬಿಣ ಹೀರುವುದೂ ಇಲ್ಲ, ಬಿಡುವುದೂ ಇಲ್ಲ.”

ಮಾಪಕ ಸರಿಯಿದೆಯೇ ಎಂದು ನೋಡುವ ಬಗೆಯನ್ನೂ ಅವರು ತಿಳಿಸಿದರು. ಒಂದು ಬುರುಡೆಮುಚ್ಚಳದಲ್ಲಿ ಅಡಿಗೆಯ ಉಪ್ಪನ್ನು ಹಾಕಿ, ಕರಗಿಹೋಗದಂತೆ ಕೆಲವೇ ಹನಿ ನೀರು ಬಿಟ್ಟು ಕಲಸಿ, ಅದನ್ನೂ ಮಾಪಕವನ್ನೂ ಗಾಳಿಯಾಡದ ಡಬ್ಬಿಯಲ್ಲಿ ಒಂದು ರಾತ್ರಿ ಮುಚ್ಚಿಟ್ಟರೆ, ಬೆಳಿಗ್ಗೆ ಮುಳ್ಳು ೭೫ನ್ನು ತೋರಿಸಬೇಕು. ಉಪ್ಪಿನ ಸುತ್ತಲ ಹವೆ ಅಲ್ಲಿಯೇ ನಿಲ್ಲುತ್ತದೆ. ಇಳಿಯುವಾಗ ಅವರು ಆ ಮಾಪಕವನ್ನು ನನ್ನ ಕೈಯಲ್ಲಿಟ್ಟು, “ನನಗೆ ಮನೆಯಲ್ಲಿ ಇನ್ನೊಂದಿದೆ. ನಿಮ್ಮ ಸೀರೆಗೆ ಇದು ಬೇಕಾದೀತು” ಎಂದರು.

೩

ಕೊಳ್ಳೇಗಾಲ ಕಾವೇರಿಯಿಂದ ದೂರವಿಲ್ಲದ ಪೇಟೆ. ಊರ ಅಂಚಿಗೆ ಮರಡಿಗುಡ್ಡ. ಶಿವನಸಮುದ್ರದಲ್ಲಿ ನದಿ ಎರಡಾಗಿ ಧುಮುಕುವಲ್ಲಿ ಬರಚುಕ್ಕಿಗೆ ಹೋಗತಕ್ಕವರಿಗೂ, ಮಹದೇಶ್ವರನ ಬೆಟ್ಟಕ್ಕೆ ಹೋಗತಕ್ಕವರಿಗೂ ಇದು ದಾರಿ. ೧೯೫೬ನೆಯ ಇಸವಿಯ ನವೆಂಬರ್ ೧ರವರೆಗೆ ಈ ತಾಲ್ಲೂಕು ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿದ್ದಿತು. ಅನಂತರ ಮೈಸೂರು ಜಿಲ್ಲೆಗೆ ಬಂದಿತು. ೧೯೯೭ರಿಂದ ಚಾಮರಾಜನಗರ ಜಿಲ್ಲೆಯಲ್ಲಿದೆ. ಮದರಾಸಿನ ಆಧಿಪತ್ಯದಲ್ಲಿ ಹಿಪ್ಪುನೇರಳೆ ಬೆಳೆದು ರೇಷ್ಮೆಹುಳು ಸಾಕುವ ಸೀಮೆಯೆಂದರೆ ಮುಖ್ಯವಾಗಿ ಕೊಳ್ಳೇಗಾಲವೇ ಆಗಿದ್ದಿತು. ನಮ್ಮ ತಾತ ೧೯೫೮ರಲ್ಲಿ ಇಲ್ಲಿಗೆ ಬಂದಾಗ, ಊರು ಮೈಸೂರಿಗೆ ಸೇರಿ ಇನ್ನೂ ಎರಡು ವರ್ಷ.

ದೇವಾಂಗದವರ ಕೇರಿಯಲ್ಲಿ ವಿಚಾರಿಸಿ ಒಬ್ಬ ವೃದ್ಧ ನೇಕಾರರ ಮನೆಗೆ ಹೋದೆವು. ಜಗುಲಿಯ ಮೇಲೆ ಚಾಪೆ ಹಾಸಿ, ಗಂಟನ್ನು ಬಿಚ್ಚಿದರು. ಸೀರೆಯನ್ನು ಎತ್ತಲಿಲ್ಲ. ಎರಡು ಬೆರಳಿನಿಂದ ಒಂದು ಎಳೆಯನ್ನು ಸವರಿ ನೋಡಿದರು.

“ಹೆಂಗೆ ಮಡಗಿದ್ರಿ ಸ್ವಾಮಿ?”

ಬಹಳ ಜೋಪಾನವಾಗಿ ಎಂದು ನಾನು ಹೇಳಿದೆ. ಇಸ್ತ್ರಿ, ಚೀಲ, ಗುಳಿಗೆ, ಟ್ರಂಕು, ಬೀಗ, ಹದಿನೆಂಟು ವರ್ಷ ಎಲ್ಲವನ್ನೂ ಒಪ್ಪಿಸಿದೆ.

“ಅದ್ಕೇ ಹೋಯ್ತು ಕಣಿ ಸ್ವಾಮಿ” ಎಂದರು ಅವರು. “ರೇಸ್ಮೆ ಉಸುರಾಡೋ ಪದಾರ್ಥ. ಮೂಗು ಬಾಯಿ ಮುಚ್ಚಿ ಮಡಗಿದ್ರೆ ಯಾವುದು ಉಳಿದಾತು?”

ಉಸಿರಾಡುವುದೆಂಬುದು ಬರಿಯ ಅಲಂಕಾರದ ಮಾತಲ್ಲ. ರೇಷ್ಮೆ ಸುತ್ತಲ ಹವೆಯಿಂದ ಪಸೆಯನ್ನು ಕುಡಿಯುತ್ತದೆ, ಒಣಹವೆಯಲ್ಲಿ ಬಿಡುತ್ತದೆ. ಬಹಳ ಕುಡಿದರೂ ಕೈಗೆ ಒದ್ದೆಯೆನಿಸುವುದಿಲ್ಲ. ಆದುದರಿಂದ ತೂಕದ ಮೇಲೆ ರೇಷ್ಮೆ ಮಾರುವಲ್ಲಿ ಹಿಂದೆ ಮೋಸಕ್ಕೆ ಎಡೆಯಿದ್ದಿತು. ಒದ್ದೆಹವೆಯಲ್ಲಿಟ್ಟ ನೂಲು ತೂಕದಲ್ಲಿ ನೀರನ್ನೂ ಮಾರುತ್ತಿದ್ದಿತು. ಫ್ರಾನ್ಸಿನ ರೇಷ್ಮೆಯ ಪಟ್ಟಣವಾದ ಲಿಯೋನಿನಲ್ಲಿ ೧೮೦೫ರಲ್ಲಿ ನೆಪೋಲಿಯನ್ನನ ಆಜ್ಞೆಯಂತೆ ನೂಲಿನ ಪಸೆಯನ್ನು ಪರೀಕ್ಷಿಸುವ ಸಾರ್ವಜನಿಕ ಗೃಹವೊಂದು ಏರ್ಪಟ್ಟಿತು. ಪೂರ್ತಿ ಒಣಗಿಸಿದ ೧೦೦ ತೂಕದ ರೇಷ್ಮೆಗೆ ೧೧ ತೂಕದ ಪಸೆ ಸಹಜವೆಂಬ ಲೆಕ್ಕ ಇಂದಿಗೂ ಜಗತ್ತಿನ ವ್ಯಾಪಾರದಲ್ಲಿ ನಡೆಯುತ್ತದೆ. ಆ ಹನ್ನೊಂದರಿಂದಲೇ ಎಳೆಗೆ ಮೃದುತ್ವ, ಬಾಗುವ ಗುಣ. ಅದು ತೀರ ಆರಿಹೋದರೆ ಎಳೆ ಪೆಡಸಾಗುತ್ತದೆ. ಅತಿಯಾದರೆ ಬೂಷ್ಟಿಗೆ ಉಣಿಸಾಗುತ್ತದೆ.

ಒಳಗೆ ಮಗ್ಗ ನಡೆದಿತ್ತು. ಅದು ನೆಲದಲ್ಲಿ ಗುಂಡಿ ತೋಡಿ, ಕಾಲನ್ನು ಇಳಿಬಿಟ್ಟು ತುಳಿಯುವ ಕುಣಿಮಗ್ಗ. ನನ್ನ ಮಾಪಕವನ್ನು ಕಿಟಕಿಯ ಬಳಿ ಇಟ್ಟು ನೋಡಿದೆ, ೫೫. ನೇಕಾರರ ಅನುಮತಿ ಪಡೆದು ಗುಂಡಿಯೊಳಗೆ ಸ್ವಲ್ಪ ಹೊತ್ತು ಇಟ್ಟೆ, ೬೮. ಮಣ್ಣಿನ ನೆಲದ ತಂಪಿನಿಂದ ಹಾಸಿನ ಎಳೆಗಳಿಗೆ ಪಸೆ ತಗುಲಿ, ಅವು ಕಡಿಯದೆ ಬಾಗುತ್ತವೆ. ಬಿರುಬೇಸಗೆಯಲ್ಲಿ ಗುಂಡಿಗೆ ನೀರು ಚಿಮುಕಿಸುವುದೂ ಉಂಟಂತೆ. ಪರದೇಶದವರು ಚುಟ್ಟಕ್ಕೆ ಮರದ ಪೆಟ್ಟಿಗೆಯಲ್ಲಿ ಒದಗಿಸುವ ಹವೆಯನ್ನು ನಮ್ಮ ನೇಕಾರರು ನೆಲದಲ್ಲಿ ಒಂದು ಗುಂಡಿ ತೋಡಿ ಒದಗಿಸಿಕೊಂಡಿದ್ದರು.

ಸೀರೆಯ ಮೇಲೆ ತೀರ್ಪನ್ನು ಅವರು ಮುಚ್ಚುಮರೆಯಿಲ್ಲದೆ ಹೇಳಿದರು. ಒಡಲು ಇನ್ನು ಉಡುವುದಕ್ಕಾಗದು. ಬಿಗಿಯಾದ ಇಸ್ತ್ರಿಯ ಮಡಿಕೆಯಲ್ಲಿ ಎಳೆಗಳು ವರ್ಷಾನುವರ್ಷ ಒಂದೇ ಕಡೆ ಮುರಿದು ನಿಂತು ಸತ್ತಿವೆ. ಜರಿಯೆಂದರೆ ರೇಷ್ಮೆಯ ಎಳೆಯ ಮೇಲೆ ಚಪ್ಪಟೆ ಬೆಳ್ಳಿಯ ತಂತಿಯನ್ನು ಸುತ್ತಿ ಚಿನ್ನದ ನೀರು ಕೊಟ್ಟದ್ದು. ಹವೆಯಲ್ಲಿರುವ ಗಂಧಕದ ಅಂಶ ಬೆಳ್ಳಿಯನ್ನು ಕಪ್ಪುಮಾಡುತ್ತದೆ, ಪಸೆಯಿದ್ದರೆ ಬೇಗ. ಆದರೆ ಈ ಜರಿ ಹಳೆಯ ಕಾಲದ ನಿಜವಾದ ಜರಿ. ಅಂಚೂ ಸೆರಗೂ ಒತ್ತಾದ ನೇಯ್ಗೆಯಾದುದರಿಂದ ಹೆಚ್ಚು ಸೀಳಿಲ್ಲ.

ಕೇರಿಯಲ್ಲಿ ಹಳೆಯ ಜರಿಯನ್ನು ತೂಕಕ್ಕೆ ಕೊಳ್ಳುವವನೊಬ್ಬನು ಅಷ್ಟು ಹೊತ್ತಿಗೆ ಬಂದು ಬೆಲೆ ಹೇಳಿದನು. ಸುಟ್ಟು ಬೆಳ್ಳಿ ತೆಗೆಯುವುದಕ್ಕೆ. ಅವನು ಹೇಳಿದ ಮೊತ್ತ ಚಿಕ್ಕದಾಗಿರಲಿಲ್ಲ. ಮದುವೆಯ ಖರ್ಚು ತಲೆಯ ಮೇಲಿದ್ದ ನಾನು ಒಂದು ಕ್ಷಣ ಸುಮ್ಮನಿದ್ದೆ. ನನ್ನ ಮನೆಯವರು ಗಂಟನ್ನು ತಮ್ಮ ಮಡಿಲಿಗೆ ಎಳೆದುಕೊಂಡು, “ಸುಡುವುದಕ್ಕೆ ಕೊಡುವುದಿಲ್ಲಪ್ಪ” ಎಂದರು. ನೇಕಾರರು ತಲೆದೂಗಿದರು. “ಎರಡು ದಿನ ಕೊಡಿ ಅಮ್ಮಾವ್ರೇ. ಅಂಚು ಸೆರಗು ಬಿಡಿಸಿ ಕೊಡ್ತೀವಿ. ಹೊಸ ಒಡಲಿಗೆ ಹೊಲಿಸ್ಕೊಳ್ಳಿ. ಅಲ್ಲೀಗಂಟ ಹನೂರು ಕಡೆ ನಮ್ಮ ನೆಂಟರ ಮನೇಲಿ ಹುಳ ಐತೆ, ನೋಡ್ಕಂಡು ಬನ್ನಿ. ರೇಸ್ಮೆ ಹೆಂಗೆ ಹುಟ್ಟುತ್ತೆ ಅಂತ ಗೊತ್ತಾದ್ರೆ ಹೆಂಗೆ ಮಡಗಬೇಕು ಅಂತಲೂ ಗೊತ್ತಾಯ್ತದೆ.”

೪

ಹನೂರು ಕೊಳ್ಳೇಗಾಲಕ್ಕೆ ಪೂರ್ವದಲ್ಲಿ, ಮಹದೇಶ್ವರನ ಬೆಟ್ಟದ ದಾರಿಯಲ್ಲಿದೆ. ಬಹುಕಾಲ ಕೊಳ್ಳೇಗಾಲದ ತಾಲ್ಲೂಕಿನೊಳಗೆ ಇದ್ದು, ಈಚೆಗೆ ತಾನೇ ತಾಲ್ಲೂಕಾಗಿದೆ. ಕಾವೇರಿಯ ಬಯಲಿನ ಹಸಿರು ಹಿಂದೆ ಉಳಿದು, ಗುಡ್ಡಗಳು ಹತ್ತಿರವಾಗುತ್ತ, ಮಣ್ಣು ಕೆಂಪಾಗುತ್ತ, ಹವೆ ಒಣಗುತ್ತ ಹೋಗುತ್ತದೆ. ಬಸ್ಸಿನಲ್ಲಿ ಬೆಟ್ಟಕ್ಕೆ ಹೊರಟ ಪರಿಸೆಯವರು ಮಾದಪ್ಪನ ಹೆಸರು ಹೇಳಿ ಕೂಗುತ್ತಿದ್ದರು.

ನೆಂಟರ ಮನೆ ಹೊಲದ ನಡುವೆ. ಹುಳುವಿನ ಮನೆಯೊಳಕ್ಕೆ ಹೋಗುವ ಮುನ್ನ ಕೈಕಾಲು ತೊಳೆಯಿಸಿದರು. ಮನೆಯ ಗೃಹಿಣಿ ತಟ್ಟೆಗಳನ್ನು ಒಂದೊಂದಾಗಿ ತೋರಿಸಿದರು. ಮೊಟ್ಟೆ ಬಿಟ್ಟು ಬಂದ ಚಾಕಿ ಹುಳುಗಳಿಗೆ ಪಸೆ ಬಹಳ ಬೇಕು, ನೂರಕ್ಕೆ ೮೫ರ ಮೇಲೆ. ಸೊಪ್ಪು ಬಾಡಬಾರದೆಂದು ತಟ್ಟೆಯ ಸುತ್ತ ಒದ್ದೆಯ ಪಟ್ಟಿಗಳನ್ನಿಟ್ಟು ಮೇಲೆ ಮೇಣದ ಕಾಗದ ಹೊದಿಸುತ್ತಾರೆ. ಹುಳು ನಾಲ್ಕು ಸಲ ಪೊರೆ ಬಿಡುತ್ತದೆ. ರೈತರು ಇದನ್ನು ಜ್ವರವೆನ್ನುತ್ತಾರೆ. ಜ್ವರದಲ್ಲಿ ಹಾಸಿಗೆ ಒಣಗಿರಬೇಕು. ಬೆಳೆದ ಹುಳುವಿಗೆ ಪಸೆ ೭೦ಕ್ಕೆ ಇಳಿಯಬೇಕು, ಗಾಳಿ ಆಡಬೇಕು. ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಟ್ಟ ಮೇಲೆ ಇನ್ನೂ ಕಡಿಮೆಯಾಗಬೇಕು. ಆಗ ಹವೆ ಒದ್ದೆಯಾದರೆ ಗೂಡಿನ ಎಳೆಗಳು ಅಂಟಿಕೊಂಡು, ಬಿಚ್ಚುವಾಗ ಕಡಿಯುತ್ತವೆ.

“ಒದ್ದೆ ಜಾಸ್ತಿಯಾಗಿ ಹವೆ ತಣ್ಣಗಾಯ್ತೂಂದ್ರೆ ಸುಣ್ಣಕಟ್ಟು ಬರುತ್ತೆ ಅಮ್ಮಾ” ಎಂದು ಆಕೆ ನನ್ನ ಮನೆಯವರಿಗೆ ಹೇಳಿದರು. ಹುಳುವೆಲ್ಲ ಬೂಷ್ಟು ಹಿಡಿದು ಸುಣ್ಣದ ಕಡ್ಡಿಯಂತೆ ಬಿಳಿಚಿ ಗಟ್ಟಿಯಾಗುವ ರೋಗವದು. ಒಂದು ವರ್ಷ ಅವರ ಮನೆಯ ಹುಳುವೆಲ್ಲ ಹಾಗೆ ಹೋಗಿ, ಸಾಲ ತೀರಿಸುವುದಕ್ಕೆ ಎರಡು ಬೆಳೆ ಬೇಕಾಯಿತಂತೆ. ಒಂದೇ ಪ್ರಾಣಿಗೆ ಒಂದೇ ತಿಂಗಳೊಳಗೆ ನಾಲ್ಕು ಬಗೆಯ ಹವೆಯನ್ನು ಕಾಲ ತಪ್ಪದೆ ಒದಗಿಸಬೇಕು. ನನ್ನ ಮಾಪಕವನ್ನು ಆಕೆ ಕುತೂಹಲದಿಂದ ನೋಡಿ, ತಾವು ನೋಡದೆಯೇ ಹೇಳುವೆನೆಂದು ಬಾಗಿಲಲ್ಲಿ ಒಂದು ಕ್ಷಣ ನಿಂತು, “ಎಪ್ಪತ್ತರ ಹತ್ತಿರ ಇರಬೇಕು” ಎಂದರು. ಮುಳ್ಳು ೭೧ರಲ್ಲಿತ್ತು.

ಅಂಗಳದಲ್ಲಿ ಹೊಸ ರಾಗಿಯ ತೆನೆಯನ್ನು ಒಟ್ಟಿದ್ದರು. ಪಕ್ಕದಲ್ಲಿ ಒಂದು ಚಪ್ಪಡಿಯ ಮೇಲೆ ಆ ಮನೆಯ ಅಜ್ಜಿ ಕುಳಿತಿದ್ದರು. ಅದು ಹಗೇವಿನ ಬಾಯಿ. ನೀರು ಒಸರದ ಗಟ್ಟಿ ನೆಲದಲ್ಲಿ ಬಾಯಿ ಕಿರಿದಾಗಿ, ಒಳಗೆ ಹೊಟ್ಟೆ ಅಗಲವಾಗಿ ತೋಡಿದ ಗುಳಿ. ಸುತ್ತ ಹುಲ್ಲು ಕೊಟ್ಟು, ಚೆನ್ನಾಗಿ ಒಣಗಿದ ರಾಗಿಯನ್ನು ತುಂಬಿ, ಕಲ್ಲುಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಹಾಗಿಟ್ಟ ರಾಗಿ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಕಾಳು ಉಸಿರಾಡಿ ಒಳಗಿನ ಪ್ರಾಣವಾಯುವನ್ನು ತೀರಿಸುತ್ತದೆ. ಉಳಿದ ಕೆಟ್ಟ ಗಾಳಿಯಲ್ಲಿ ಹುಳುವೂ ಬದುಕದು. ಮನುಷ್ಯನೂ ಬದುಕನು. ಆದುದರಿಂದ ಹಗೇವು ತೆರೆದ ದಿನ ಯಾರೂ ಇಳಿಯಕೂಡದು, ಗಾಳಿಯಾಡಬಿಟ್ಟು, ದೀಪ ಇಳಿಸಿ, ದೀಪ ನಂದದಿದ್ದರೆ ಮಾತ್ರ ಇಳಿಯಬೇಕು. ಈ ನಿಯಮವನ್ನು ಮರೆತು ಪ್ರಾಣ ಕಳೆದುಕೊಂಡವರ ಕಥೆ ಬಯಲುಸೀಮೆಯಲ್ಲಿ ಎಲ್ಲರಿಗೂ ಗೊತ್ತು. ಈಗ ಹಗೇವುಗಳು ಬಹುಮಟ್ಟಿಗೆ ಮುಚ್ಚಿಹೋಗಿವೆ. ಅಜ್ಜಿಯ ಹಗೇವೂ ಬರಿದಾಗಿ ಬಹಳ ವರ್ಷವಾಗಿದೆ.

“ಅಜ್ಜೀ, ಮುಚ್ಚಿ ಇಟ್ಟದ್ದಕ್ಕೆ ನಮ್ಮ ರೇಷ್ಮೆ ಕೆಟ್ಟಿತು, ನಿಮ್ಮ ರಾಗಿ ಹೇಗೆ ಕೆಡಲಿಲ್ಲ?” ಎಂದು ನಾನು ಕೇಳಿದೆ.

“ರಾಗಿ ಒಣಗ್ಸಿ ಮುಚ್ಚತಿದ್ವಿ ಕಣಪ್ಪ. ಹಸಿ ತುಂಬಿದ್ರೆ ಅದೂ ಮುಗ್ಗಲೇ. ಒಂದೊಂದರ ಹದ ಒಂದೊಂದು. ರಾಗಿಗೆ ಮುಚ್ಚದು ಹದ, ಸೀರೆಗೆ ತಗೆಯದು ಹದ.”

೫

ಮೂರನೆಯ ದಿನ ಕೊಳ್ಳೇಗಾಲಕ್ಕೆ ಹಿಂದಿರುಗಿ, ಬಿಡಿಸಿದ ಅಂಚು ಸೆರಗುಗಳನ್ನು ಒಂದು ಬಿದಿರಿನ ಕೊಳವೆಗೆ ಸುತ್ತಿಸಿಕೊಂಡು ಪಡೆದೆವು. ಮಡಿಸದೆ ಸುತ್ತಿಟ್ಟರೆ ಮುರಿಯುವ ಮಡಿಕೆಯೇ ಇರುವುದಿಲ್ಲವೆಂದು ನೇಕಾರರು ಹೇಳಿಕೊಟ್ಟರು. ಅದೇ ಮನೆಯ ಅರಿಸಿನದ ಒಂದು ಹೊಸ ಒಡಲನ್ನೂ ಕೊಂಡೆವು.

ಹಿಂತಿರುಗುವ ದಾರಿಯಲ್ಲಿ ಯಳಂದೂರಿನಲ್ಲಿ ಇಳಿದೆವು. ನನ್ನ ಮನೆಯವರ ದೂರದ ಬಂಧುಗಳೊಬ್ಬರು ಅಲ್ಲಿದ್ದಾರೆ. ಸುವರ್ಣಾವತಿ ಹರಿಯುವ ಈ ಸಣ್ಣ ಊರು ಹಳೆಯ ಹದಿನಾಡಿನ ಅರಸರ ನೆಲೆ. ೧೮೦೭ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಬಂದದ್ದೂ ಇದೇ. ಗೌರೀಶ್ವರ ದೇವಾಲಯದ ಮುಂದಿನ ಬಳೆ ಮಂಟಪದಲ್ಲಿ ಕಲ್ಲಿನಲ್ಲೇ ಕಡೆದ ಬಳೆಗಳ ಸರಪಣಿಗಳಿವೆ. ದಕ್ಷಿಣದ ಕಡೆಗೆ ಬಿಳಿಗಿರಿರಂಗನ ಬೆಟ್ಟದ ಸಾಲು ನೀಲಿಯಾಗಿ ಕಾಣುತ್ತದೆ.

ನಮ್ಮ ಬಂಧುಗಳ ಮನೆಯಲ್ಲಿ ದೇವರ ಗೂಡಿನ ಕೆಳಗೆ ಒಂದು ಮರದ ಸಂಪುಟವಿದೆ. ಅದರಲ್ಲಿ ಓಲೆಗರಿಯ ಮೂರು ಕಟ್ಟುಗಳು. ಗರಿಯನ್ನು ಬೇಯಿಸಿ, ಒಣಗಿಸಿ, ನುಣುಪು ಮಾಡಿ, ಕಬ್ಬಿಣದ ಕಂಠದಿಂದ ಕೊರೆದು, ಕಾಡಿಗೆಯ ಮಸಿ ಬಳಿದು ಬರೆದವು. ಎರಡು ಕಡೆಗೂ ಮರದ ಹಲಗೆ ಕೊಟ್ಟು ದಾರ ಸುತ್ತಿದ್ದಾರೆ. ಮೇಲೆ ಬಟ್ಟೆ. ಪ್ರತಿವರ್ಷ ನವರಾತ್ರಿಯ ಸರಸ್ವತೀಪೂಜೆಗೆ ತೆಗೆದು, ಒಂದೊಂದು ಗರಿಯನ್ನೂ ಮೃದುವಾದ ಬಟ್ಟೆಯಿಂದ ಒರಸಿ, ನಿಂಬೆಹುಲ್ಲಿನ ತೈಲವನ್ನು ತೆಳುವಾಗಿ ಸವರಿ, ನೆರಳಿನಲ್ಲಿ ಆರಿಸಿ, ಮತ್ತೆ ಕಟ್ಟುತ್ತಾರೆ. ಗರಿ ಒಣಗಿದರೆ ಒಡೆಯುತ್ತದೆ, ನೆಂದರೆ ಹುಳು ಹೊಡೆಯುತ್ತದೆ. ತೈಲ ಗರಿಗೆ ಬಾಗುವ ಗುಣವನ್ನು ಕೊಡುತ್ತದೆ, ಅದರ ಘಾಟು ಹುಳುವನ್ನು ದೂರವಿಡುತ್ತದೆ.

ಮೈಸೂರಿನಲ್ಲಿ ೧೮೯೧ರಲ್ಲಿ ಸ್ಥಾಪಿತವಾದ ಪ್ರಾಚ್ಯ ಗ್ರಂಥಾಲಯದಲ್ಲಿ ಆರ್. ಶಾಮಶಾಸ್ತ್ರಿಗಳು ೧೯೦೫ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿದ್ದು ಇಂಥ ಓಲೆಯ ಕಟ್ಟಿನಲ್ಲಿಯೇ. ತಂಜಾವೂರಿನ ಕಡೆಯ ಪಂಡಿತರೊಬ್ಬರು ತಂದುಕೊಟ್ಟ ಆ ಕಟ್ಟನ್ನು ೧೯೦೯ರಲ್ಲಿ ಅವರು ಅಚ್ಚು ಮಾಡಿಸಿದರು. ಹೆಸರು ಮಾತ್ರ ಕೇಳಿಬರುತ್ತಿದ್ದ ಒಂದು ಗ್ರಂಥ ಜಗತ್ತಿಗೆ ದೊರೆಯಿತು. ಯಾರ ಮನೆಯಲ್ಲೋ, ಯಾರೋ ತಲೆತಲಾಂತರದಿಂದ ವರ್ಷಕ್ಕೊಮ್ಮೆ ಧೂಳು ಒರಸಿ ಎಣ್ಣೆ ಸವರಿರದಿದ್ದರೆ ಶಾಸ್ತ್ರಿಗಳ ಪಾಂಡಿತ್ಯಕ್ಕೆ ಓದಲು ಏನಿರುತ್ತಿತ್ತು?

ಊಟವಾದ ಮೇಲೆ ಮನೆಯ ಹಿರಿಯಮ್ಮ ತಾಂಬೂಲದ ತಟ್ಟೆಯನ್ನು ಮುಂದಿಟ್ಟರು. ವೀಳ್ಯದೆಲೆ ಒದ್ದೆಬಟ್ಟೆಯ ಸುರುಳಿಯಲ್ಲಿತ್ತು. ಅಡಿಕೆ ಬೇರೆ ಬಟ್ಟಲಿನಲ್ಲಿ ಒಣಗಿ ಕುಳಿತಿತ್ತು. ಸುಣ್ಣ ಮುಚ್ಚಳವಿದ್ದ ಭರಣಿಯಲ್ಲಿ. ಅದನ್ನು ನೋಡಿದಾಗ ನನಗೆ ಆ ಊರಿನವಳೆಂದು ಪ್ರಸಿದ್ಧಳಾದ ಸಂಚಿ ಹೊನ್ನಮ್ಮನ ನೆನಪಾಯಿತು. ೧೬೭೩ರಿಂದ ೧೭೦೪ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಯಡಿಕೆಯ ಸಂಚಿಯನ್ನು ಹಿಡಿಯುವ ಊಳಿಗದಲ್ಲಿದ್ದು, ಗೃಹಿಣಿಯ ಧರ್ಮವನ್ನು ಕುರಿತು ‘ಹದಿಬದೆಯ ಧರ್ಮ’ ಎಂಬ ಸಾಂಗತ್ಯವನ್ನು ಬರೆದ ಕವಯಿತ್ರಿ ಆಕೆ. ಸಂಚಿಯ ಕೆಲಸ ಅಲ್ಪವೆಂದು ನಾವು ತಿಳಿಯುತ್ತೇವೆ. ಒಂದೇ ಚೀಲದಲ್ಲಿ ಒದ್ದೆಯಾಗಿರಬೇಕಾದ ಎಲೆ, ಒಣಗಿರಬೇಕಾದ ಅಡಿಕೆ, ಗಾಳಿ ತಾಕದಿರಬೇಕಾದ ಸುಣ್ಣ ಇವುಗಳನ್ನು ಒಂದನ್ನೊಂದು ಕೆಡಿಸದಂತೆ ಬೇರೆಬೇರೆ ಅರೆಗಳಲ್ಲಿ ಇರಿಸಿ, ಅರಸಿ ಕೇಳಿದ ಕ್ಷಣಕ್ಕೆ ಹದವಾಗಿ ಒದಗಿಸಬೇಕು. ಇದನ್ನು ಬಲ್ಲವಳು ಮನೆ ನಡೆಸುವ ಬಗೆಯನ್ನು ಕುರಿತು ಬರೆದದ್ದರಲ್ಲಿ ಆಶ್ಚರ್ಯವೇನಿದೆ?

೬

ಮನೆಗೆ ಬಂದ ಮೇಲೆ ನಾವು ಮಾಡಿದ್ದನ್ನು ವಾಚಕರ ಉಪಯೋಗಕ್ಕಾಗಿ ಬರೆಯುತ್ತೇನೆ. ಒಂದು ಹಳೆಯ ಮರದ ಪೆಟ್ಟಿಗೆಯನ್ನು ಕೊಂಡು ಒಳಗೆ ಒಗೆದ ಬಿಳಿಯ ಹತ್ತಿಬಟ್ಟೆಯನ್ನು ಹಾಸಿದೆವು. ಮರದ ರಸ ರೇಷ್ಮೆಗೆ ನೇರವಾಗಿ ತಾಕಬಾರದು. ವೃತ್ತಪತ್ರಿಕೆಯ ಕಾಗದವನ್ನು ಹಾಸಬಾರದು, ಅದರಲ್ಲಿ ಹುಳಿಯ ಅಂಶವಿದೆ. ಸೀರೆಗಳನ್ನು ಪ್ಲಾಸ್ಟಿಕ್ ಚೀಲದಿಂದ ತೆಗೆದು, ಹಳೆಯ ಪಂಚೆಗಳಲ್ಲಿ ಸಡಿಲವಾಗಿ ಸುತ್ತಿದೆವು. ಜರಿ ಒಳಮುಖವಾಗಿ, ಮಡಿಕೆಯ ನಡುವೆ ಬಟ್ಟೆಯ ಒಂದು ಸುರುಳಿ ಇಟ್ಟರೆ ಮಡಿಕೆ ಚೂಪಾಗುವುದಿಲ್ಲ. ಗಂಜಿ ಹಾಕಿದ ಬಟ್ಟೆಯನ್ನು ಹಾಗೆಯೇ ಇಡಬಾರದು, ಗಂಜಿಗೆ ಹುಳು ಬರುತ್ತದೆ. ಬೆವರು, ಎಣ್ಣೆ, ಹಾಲಿನ ಕಲೆಗಳಿದ್ದರೂ ಹಾಗೆಯೇ. ನುಸಿಗುಳಿಗೆಯ ಬದಲು ಬಜೆ, ಲಾಮಂಚ, ಒಣಗಿದ ಬೇವಿನ ಎಲೆಗಳನ್ನು ಬಟ್ಟೆಯ ಸಣ್ಣ ಗಂಟಿನಲ್ಲಿ ಕಟ್ಟಿ, ಸೀರೆಗೆ ತಾಕದಂತೆ ಮೂಲೆಗಿಡುವುದು ಒಳ್ಳೆಯದು. ಪೆಟ್ಟಿಗೆ ನೆಲಕ್ಕೂ ಹೊರಗೋಡೆಗೂ ತಗುಲದಂತೆ ಇರಬೇಕು.

ರೇಷ್ಮೆಗೆ ಪೆಟ್ಟಿಗೆಯ ಪಸೆ ನೂರಕ್ಕೆ ೫೦ರ ಆಸುಪಾಸಿನಲ್ಲಿರುವುದು ಯುಕ್ತವೆಂದು ವಸ್ತುಸಂಗ್ರಹಾಲಯಗಳವರ ಅಭಿಪ್ರಾಯ. ನಮ್ಮ ಮಾಪಕ ಈಗ ಪೆಟ್ಟಿಗೆಯ ಮೂಲೆಯಲ್ಲಿದೆ. ಮಳೆಗಾಲದಲ್ಲಿ ಮುಳ್ಳು ೬೫ನ್ನು ದಾಟಿದರೆ, ಒಣಹವೆಯ ದಿನವೊಂದನ್ನು ನೋಡಿ ಮುಚ್ಚಳ ತೆರೆಯುತ್ತೇವೆ. ವರ್ಷಕ್ಕೆ ಎರಡು ಬಾರಿ ಸೀರೆಗಳನ್ನು ನೆರಳಿನ ಗಾಳಿಗೆ ಹರವಿ, ಮಡಿಕೆ ಬದಲಾಯಿಸುತ್ತೇವೆ. ಬಿಸಿಲಿಗೆ ಹಾಕುವುದಿಲ್ಲ, 'ಬಿಸಿಲು ತೋರಿಸುವುದು' ಬಣ್ಣಕ್ಕೂ ಎಳೆಗೂ ಹಾನಿ. ಇವೆಲ್ಲವನ್ನೂ ನನ್ನ ತಾಯಿ ಮಾಪಕವಿಲ್ಲದೆಯೇ ಮಾಡುತ್ತಿದ್ದಳೆಂಬುದನ್ನು ಬರೆಯುವಾಗ ಕೈ ತಡೆಯುತ್ತದೆ.

ಮಾಘಮಾಸದಲ್ಲಿ ಮಗಳ ಮದುವೆಯಾಯಿತು. ಹೊಸ ಅರಿಸಿನದ ಒಡಲಿಗೆ ಹಳೆಯ ಕುಂಕುಮದ ಅಂಚು, ಸ್ವಲ್ಪ ಕಪ್ಪಾದ ಜರಿಯ ಸೆರಗು. ನೋಡಿದ ಕೆಲವರು ಜರಿಗೆ ಹೊಳಪು ಕೊಡಿಸಬಹುದಾಗಿತ್ತೆಂದರು. ಮಗಳು ಬೇಡವೆಂದಿದ್ದಳು. ಊರಿಗೆ ಹೊರಡುವ ದಿನ ಅವಳು ಸೀರೆಯನ್ನು ಮಡಿಸುತ್ತಿದ್ದಾಗ ನಾನು ಬಾಗಿಲಲ್ಲಿ ನಿಂತಿದ್ದೆ. ಹಿಂದಿನ ಮಡಿಕೆಯ ಗುರುತನ್ನು ಬೆರಳಿನಿಂದ ಹುಡುಕಿ, ಅದನ್ನು ತಪ್ಪಿಸಿ, ಎರಡು ಬೆರಳಗಲ ಪಕ್ಕಕ್ಕೆ ಹೊಸ ಮಡಿಕೆ ಮಾಡಿದಳು.

“ಅಪ್ಪಾ, ನವರಾತ್ರಿಯಾದ ಮೇಲೆ ನನಗೆ ಜ್ಞಾಪಿಸಿ” ಎಂದಳು.

ಜ್ಞಾಪಿಸುವೆನೆಂದು ಹೇಳಿದೆ. ಮರೆತರೆ ಅವಳ ತಾಯಿ ಇದ್ದಾಳೆ.